ಎಳೆಯ ಕೈಗೆ ಋತುಮಾನದ ಕೆಲಸ

ದಸರೆಯ ರಜೆಗೆ ಮುಂಚಿನ ದಿನ ಕಲ್ಯಾಣದಿಂದಲೋ ಡೊಂಬಿವಲಿಯಿಂದಲೋ ಮುಂಬಯಿ ಕಡೆಗೆ ಹೊರಡುವ ಬೆಳಗಿನ ಲೋಕಲ್ ಹತ್ತಿದವರಿಗೆ ಡಬ್ಬಿಯ ಚಹರೆಯೇ ಬೇರೆಯಾಗಿ ಕಾಣುತ್ತದೆ. ಹಿಡಿಕೆಗಳಿಗೆ ಚೆಂಡುಹೂವಿನ ಮಾಲೆ, ಬಾಗಿಲಿಗೆ ಮಾವಿನೆಲೆಯ ತೋರಣ, ಮೂಲೆಯಲ್ಲಿ ದೇವಿಯ ಪಟ, ಕೈಯಿಂದ ಕೈಗೆ ದಾಟುವ ಪೇಡೆ. ವರ್ಷವಿಡೀ ಒಬ್ಬರನ್ನೊಬ್ಬರು ತಳ್ಳಿಕೊಂಡು, ನಾಲ್ಕನೆಯ ಸೀಟಿಗಾಗಿ ಜಗಳವಾಡಿಕೊಂಡು ಪಯಣಿಸುವ ಜನ ಅವತ್ತು ರೈಲಿಗೆ ಆರತಿ ಎತ್ತುತ್ತಾರೆ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಠಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಆ ಹಳಿಯ ಅಕ್ಕಪಕ್ಕವೇ ಬೆಳೆದ ಊರುಗಳವರು ರೈಲಿಗೆ ಕೈಮುಗಿದರೆ ಅದರಲ್ಲಿ ಅತಿಶಯವೇನೂ ಇಲ್ಲ.

ಆ ಗುಂಪಿನಲ್ಲಿ ಅಪ್ಪನ ಸೊಂಟದ ಮೇಲೆ ಕೂತ ಎರಡೂವರೆ ವರ್ಷದ ಮಗುವಿಗೆ ಏನು ತಿಳಿದೀತು? ಆಯುಧಪೂಜೆಯ ಅರ್ಥವಂತೂ ತಿಳಿಯದು. ಆದರೆ ದಿನವೂ ಬಳಸುವ ಒಂದು ವಸ್ತುವಿನ ಮುಂದೆ ದೊಡ್ಡವರು ನಿಂತು ಕೈಮುಗಿದದ್ದು, ಗುರುತಿಲ್ಲದವರ ಬಾಯಿಗೂ ಸಿಹಿ ಬಿದ್ದದ್ದು, ಎರಡನ್ನೂ ಅದು ಕಣ್ಣರಳಿಸಿ ನೋಡಿರುತ್ತದೆ. ಕೇಳುಗರೇ, ಇವತ್ತಿನ ಮಾತು ಆ ವಯಸ್ಸಿನವರ ಬಗ್ಗೆ. ನಡೆಯಲು ಕಲಿತ ಮೇಲೆ, ಶಾಲೆಯ ಸಮವಸ್ತ್ರ ಏರುವ ಮೊದಲು ಸಿಗುವ ಎರಡು ಮೂರು ವರ್ಷಗಳಲ್ಲಿ ಮಕ್ಕಳಲ್ಲಿ ಪರರ ಬಗ್ಗೆ ಕರುಣೆ, ಪಡೆದದ್ದರ ಬಗ್ಗೆ ಕೃತಜ್ಞತೆ ಹೇಗೆ ಮೂಡುತ್ತದೆ? ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿ ಬೆಳೆಯುವ ಮಕ್ಕಳಿಗೆ ಮಳೆ, ಚಳಿ, ಬೇಸಿಗೆಗಳು ಈ ವಿಷಯದಲ್ಲಿ ಏನು ಕೊಡಬಲ್ಲವು?

ಸಾಮಾನ್ಯವಾಗಿ ಈ ಪಾಠ ನಡೆಯುವುದು ಮನೆಬಾಗಿಲಲ್ಲಿ. ಪಕ್ಕದ ಮನೆಯ ಕಾಕೂ ಒಂದು ಬೇಸನ್ ಲಾಡು ತಂದುಕೊಡುತ್ತಾರೆ. ಅಮ್ಮ ಮಗುವಿನ ಬೆನ್ನು ತಟ್ಟಿ, "ಥ್ಯಾಂಕ್ಯೂ ಹೇಳು ಪುಟ್ಟಾ, ಹೇಳಪ್ಪಾ" ಅನ್ನುತ್ತಾಳೆ. ಮಗು ಅವಳ ಕಾಲ ಸಂದಿಯಲ್ಲಿ ಮುಖ ಮರೆಸಿಕೊಳ್ಳುತ್ತದೆ. "ಇವತ್ತು ಯಾಕೋ ನಾಚ್ಕೊಂಡಿದಾನೆ" ಎಂದು ಅಮ್ಮನೇ ಸಮಜಾಯಿಷಿ ಕೊಡುತ್ತಾಳೆ. ಇದು ಡೊಂಬಿವಲಿಯ ಮಕ್ಕಳಿಗಷ್ಟೇ ಅಂಟಿದ ನಾಚಿಕೆಯೇನೂ ಅಲ್ಲ. ಅಮೆರಿಕದ ಸಂಶೋಧಕಿಯರಾದ ಎಸ್ತರ್ ಗ್ರೀಫ್ ಮತ್ತು ಜೀನ್ ಬರ್ಕೊ ಗ್ಲೀಸನ್ ಎರಡರಿಂದ ಐದು ವರ್ಷದೊಳಗಿನ 22 ಮಕ್ಕಳಿಗೆ ಉಡುಗೊರೆ ಕೊಡಿಸಿ ಏನಾಗುತ್ತದೆಂದು ನೋಡಿದರು. ಆ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ತಾವಾಗಿ ಧನ್ಯವಾದ ಹೇಳಿದ ಸಂದರ್ಭಗಳು ನೂರಕ್ಕೆ ಹತ್ತನ್ನೂ ಮುಟ್ಟಲಿಲ್ಲ. ಹೇಳು ಹೇಳು ಎಂದು ಒತ್ತಾಯಿಸಿದವರಲ್ಲಿ ಅಪ್ಪಂದಿರೂ ಇದ್ದರು, ಅಮ್ಮಂದಿರೂ ಇದ್ದರು. ಉಡುಗೊರೆ ತಂದವರಿಗೆ ತಾವೇ ಧನ್ಯವಾದ ಹೇಳುವುದರಲ್ಲಿ ಮಾತ್ರ ಅಪ್ಪಂದಿರು ಅಮ್ಮಂದಿರಿಗಿಂತ ಹಿಂದೆ ಬಿದ್ದರು! ಹೇಳಿಕೊಡುವ ಉತ್ಸಾಹ ಹೇಳುವುದರಲ್ಲಿ ಇರಲಿಲ್ಲ ಅನ್ನೋಣ.

ಮಾತು ತಡವಾಗಿ ಬಂದರೂ ಕೈ ಬೇಗ ಚಾಚುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಟ್ಟೆ ಒಣಹಾಕುವ ಮನುಷ್ಯನ ಕೈಯಿಂದ ಕ್ಲಿಪ್ಪು ಜಾರಿ ಬೀಳುತ್ತದೆ, ಅವನಿಗೆ ಎಟುಕುವುದಿಲ್ಲ. ಎರಡೂ ಕೈಯಲ್ಲಿ ಪುಸ್ತಕ ಹೊತ್ತವನಿಗೆ ಕಪಾಟಿನ ಬಾಗಿಲು ತೆರೆಯಲಾಗುವುದಿಲ್ಲ. ನೋಡುತ್ತ ಕೂತಿರುವುದು ಒಂದೂವರೆ ವರ್ಷದ ಮಗು. ಯಾರೂ ಕೇಳದೆ, ಏನೂ ಕೊಡದೆ, 24 ಮಕ್ಕಳಲ್ಲಿ 22 ಮಕ್ಕಳು ಒಂದಾದರೂ ಸಲ ಎದ್ದು ಹೋಗಿ ನೆರವಾದವು. ಇದೇ ಇಬ್ಬರು ಎರಡು ವರ್ಷದ ಮೇಲೆ ಇನ್ನೊಂದನ್ನು ತೋರಿಸಿದರು: ನೆರವಾದ ಪ್ರತಿ ಸಲವೂ ಆಟಿಕೆಯ ಬಹುಮಾನ ಪಡೆದ ಇಪ್ಪತ್ತು ತಿಂಗಳ ಮಕ್ಕಳು ಬಹುಮಾನ ನಿಂತ ಮೇಲೆ ನೆರವನ್ನೂ ಕಡಿಮೆ ಮಾಡಿದವು; ಏನೂ ಪಡೆಯದ ಮಕ್ಕಳು ಮೊದಲಿನಂತೆಯೇ ಮುಂದುವರಿದವು. ಕೆನಡಾದ ಲಾರಾ ಆಕ್ನಿನ್ ಮತ್ತು ಸಂಗಡಿಗರು 2012ರಲ್ಲಿ ಕಂಡುಕೊಂಡದ್ದು ಇನ್ನೂ ಸೊಗಸು. ಎರಡು ವರ್ಷವೂ ತುಂಬದ ಮಕ್ಕಳು ತಿಂಡಿ ಪಡೆದಾಗಿನದಕ್ಕಿಂತ ಗೊಂಬೆಗೆ ಕೊಟ್ಟಾಗ ಹೆಚ್ಚು ನಕ್ಕವು. ತಮ್ಮ ಬಟ್ಟಲಿನದನ್ನೇ ಕೊಟ್ಟಾಗ ಎಲ್ಲಕ್ಕಿಂತ ಹೆಚ್ಚು.

ಹೀಗಿರುವಾಗ ಹೆತ್ತವರು ಮಾಡಬೇಕಾದ್ದು ಅಷ್ಟು ಕಷ್ಟದ್ದಲ್ಲ. ಕೈಗೆ ಕೆಲಸ ಕೊಡಬೇಕು, ಆಮೇಲೆ ಸುಮ್ಮನಿರಬೇಕು. ಎರಡನೆಯದೇ ನಮ್ಮವರಿಗೆ ಕಷ್ಟ.

ಈ ಮಾತಿಗೆ ಸಾಕ್ಷಿ ಬೇಕಾದರೆ ಜರ್ಮನಿಗೆ ಹೋಗಬೇಕಾಗಿಲ್ಲ. ಠಾಣೆ ಜಿಲ್ಲೆಯಲ್ಲೇ ಎಂಬತ್ತು ವರ್ಷದ ಹಿಂದೆ ಇಬ್ಬರು ಹೆಂಗಸರು ಇದನ್ನು ಮಾಡಿ ತೋರಿಸಿದ್ದರು. ತಾರಾಬಾಯಿ ಮೋಡಕ್ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಬಾಲಮಂದಿರದಲ್ಲಿ ಪಳಗಿದವರು. 1926ರಲ್ಲಿ ಹುಟ್ಟಿದ ನೂತನ ಬಾಲ ಶಿಕ್ಷಣ ಸಂಘದ ಬೆನ್ನೆಲುಬು. ಪಟ್ಟಣದ ಉಳ್ಳವರ ಮಕ್ಕಳಿಗೆ ಮಾಂಟೆಸರಿ ಕಲಿಸುವುದು ಅವರಿಗೆ ಸಾಕೆನಿಸಲಿಲ್ಲ. 1945ರಲ್ಲಿ ಡಹಾಣೂ ತಾಲೂಕಿನ ಬೋರ್ಡಿ ಎಂಬ ಸಮುದ್ರದಂಡೆಯ ಹಳ್ಳಿಗೆ ಬಂದು ಗ್ರಾಮ ಬಾಲಶಿಕ್ಷಾ ಕೇಂದ್ರ ತೆರೆದರು. ಜೊತೆಗೆ ಬಂದವರು ಅನುತಾಯಿ ವಾಘ್, ಬಾಲವಿಧವೆ, ಹಟದಿಂದ ಓದಿ ಶಿಕ್ಷಕಿಯಾದಾಕೆ.

ಬಾಲವಾಡಿ ತೆರೆದರೂ ದಲಿತರ ಕೇರಿಯ ಮಕ್ಕಳು ಬರಲಿಲ್ಲ. ಆಗ ಇವರು ಬಾಲವಾಡಿಯನ್ನೇ ಆ ಕೇರಿಯ ಅಂಗಳಕ್ಕೆ ಒಯ್ದರು. ಮಕ್ಕಳ ಮೈ ತೊಳೆಸಿ, ತಲೆ ಬಾಚಿ, ಅಂಗಳ ಗುಡಿಸಿ, ಅಲ್ಲೇ ಆಟ ಪಾಠ. ಇಂದು ದೇಶದ ಮೂಲೆಮೂಲೆಯಲ್ಲಿರುವ ಅಂಗನವಾಡಿಯ ಹಿಂದೆ ಇರುವುದು ಈ ಅಂಗಳದ ಅನುಭವ. ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ಬೋರ್ಡಿಗಿಂತ ಮೂವತ್ತು ವರ್ಷ ತಡವಾಗಿ. ಮುಂದೆ ಇವರು ಕೋಸಬಾಡದ ಗುಡ್ಡಕ್ಕೆ ಕೇಂದ್ರ ಬದಲಿಸಿದರು. ಅಲ್ಲಿನ ವಾರಲಿ ಮಕ್ಕಳು ದನ ಮೇಯಿಸಲು ಹೋಗುತ್ತಿದ್ದರು. ಶಾಲೆಯೂ ಅವರ ಹಿಂದೆ ಹುಲ್ಲುಗಾವಲಿಗೆ ಹೋಯಿತು, ಕುರಣಶಾಳಾ ಎಂಬ ಹೆಸರಿನಲ್ಲಿ. ದುಬಾರಿ ಮಾಂಟೆಸರಿ ಸಾಮಗ್ರಿಗೆ ಬದಲಾಗಿ ಕಪ್ಪೆಚಿಪ್ಪು, ಬೀಜ, ಕಲ್ಲುಹರಳು, ಎಲೆ. ಯಾವ ಕಾಲಕ್ಕೆ ಏನು ಉದುರುತ್ತದೋ ಅದೇ ಪಾಠದ ಸಾಮಾನು. ತಾರಾಬಾಯಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಗೆ 1985ರಲ್ಲಿ ಪದ್ಮಶ್ರೀ ಬಂತು. ಬೋರ್ಡಿ, ಕೋಸಬಾಡಗಳು 2014ರ ಆಗಸ್ಟ್ 1ರಿಂದ ಹೊಸ ಪಾಲಘರ್ ಜಿಲ್ಲೆಗೆ ಸೇರಿದವು. ಜಿಲ್ಲೆ ಒಡೆಯಿತು ಎಂದು ಠಾಣೆಯವರು ಈ ಇಬ್ಬರನ್ನು ಮರೆಯಬೇಕಾಗಿಲ್ಲ.

ಆ ಗುಡ್ಡದ ಪಾಠವನ್ನು ಏಳನೆಯ ಮಾಳಿಗೆಯ ಗ್ಯಾಲರಿಗೆ ತರಬಹುದೇ? ಮಳೆಗಾಲದಿಂದ ಶುರುಮಾಡೋಣ, ಈ ಸೀಮೆಯಲ್ಲಿ ವರ್ಷ ನಿಜವಾಗಿ ಶುರುವಾಗುವುದು ಅಲ್ಲಿಂದಲೇ.

ಜೂನ್ ಕಳೆಯುತ್ತಿದ್ದಂತೆ ಕಲ್ಯಾಣ, ಡೊಂಬಿವಲಿ, ಠಾಣೆಯ ಸ್ಟೇಷನ್ ಬೀದಿಗಳಲ್ಲಿ ಮುರಬಾಡ, ಶಹಾಪುರದ ಕಡೆಯ ಆದಿವಾಸಿ ಹೆಂಗಸರು ಕಾಡುಸೊಪ್ಪಿನ ಗಂಟು ಬಿಚ್ಚಿ ಕೂರುತ್ತಾರೆ. ಟಾಕಳಾ, ಕುರ್ಡು, ಭಾರಂಗಿ, ಶೇವಳ, ಮಡಹಾಗಲ, ಕೆಸುವಿನ ಎಲೆ. ಮರಾಠಿಯವರ ಟಾಕಳಾ ನಮ್ಮ ಕರಾವಳಿಯವರಿಗೆ ಆಟಿ ತಿಂಗಳ ತಜಂಕ್. ಕೆಸುವಿನ ಎಲೆ ಕಂಡರೆ ಪತ್ರೊಡೆ ನೆನಪಾಗದ ದಕ್ಷಿಣ ಕನ್ನಡದ ಮನೆ ಈ ಊರುಗಳಲ್ಲಿ ಇರಲಾರದು. ಮೊಬೈಲಿನಲ್ಲಿ ತರಕಾರಿ ತರಿಸುವ ಮನೆಗಳೂ ವಾರಕ್ಕೊಮ್ಮೆ ಮಗುವಿನ ಕೈ ಹಿಡಿದು ಈ ಗಂಟಿನ ಮುಂದೆ ಕುಕ್ಕರಗಾಲಲ್ಲಿ ಕೂರಬಹುದು. ಹಣವನ್ನು ಮಗುವಿನ ಕೈಯಿಂದಲೇ ಕೊಡಿಸಬಹುದು. "ಮಾವಶಿ ಬೆಳಗಿನ ಜಾವ ಎದ್ದು, ಮಳೆಯಲ್ಲಿ ನೆನೆದು, ಕಾಡಿನಿಂದ ಇದನ್ನ ಕಿತ್ತು ತಂದಿದಾಳೆ" ಎಂಬ ಒಂದು ವಾಕ್ಯ ಸಾಕು. ಮನೆಗೆ ಬಂದ ಮೇಲೆ ಸೊಪ್ಪು ಬಿಡಿಸುವ ಕೆಲಸ ಮೂರು ವರ್ಷದ ಬೆರಳಿಗೆ ಹೇಳಿ ಮಾಡಿಸಿದ್ದು: ಎಲೆ ಇತ್ತ, ಕಡ್ಡಿ ಅತ್ತ. ಅರ್ಧದಷ್ಟು ಸೊಪ್ಪು ನೆಲದ ಪಾಲಾದೀತು, ಆಗಲಿ. ಬಿಡಿಸಿದ ಮಗು ಅವತ್ತು ಊಟಕ್ಕೆ ಕೂತಾಗ, ಇದು ನಾನು ಮಾಡಿದ್ದು ಎಂದು ಮನೆಮಂದಿಗೆಲ್ಲ ಬಡಿಸಲು ಹೊರಡುತ್ತದೆ.

ಉತ್ತರ ಕರ್ನಾಟಕದಿಂದ ಬಂದವರ ಮನೆಯಲ್ಲಿ ಇದೇ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಜ್ಯೇಷ್ಠದ ಕೊನೆಗೆ ಜಿಗುಟು ಮಣ್ಣು ಕಲಸಿ ಜೋಡೆತ್ತು ಮಾಡಿ, ಮುಂದೆ ಗೋದಲಿ ಇಟ್ಟು ಪೂಜಿಸುವ ಹಬ್ಬ. ಕೆಲವು ಹಳ್ಳಿಗಳಲ್ಲಿ ಮರುದಿನ ಹುಡುಗರು ಕಾಲು ಮುರಿದ ಕುಂಟೆತ್ತನ್ನು ಹೊತ್ತು ಮನೆಮನೆಗೆ ಹೋಗಿ ಜೋಳ ಕೇಳಿ ತಂದು, ಎಲ್ಲರೂ ಒಟ್ಟಿಗೆ ಅಡಿಗೆ ಮಾಡಿ ಉಣ್ಣುವ ರೂಢಿಯೂ ಉಂಟು. ಅದಾಗಿ ಎರಡು ತಿಂಗಳಿಗೆ, ಶ್ರಾವಣದ ಅಮಾವಾಸ್ಯೆಯಂದು ಮರಾಠವಾಡ, ವಿದರ್ಭದ ನೆರೆಯವರ ಪೋಳಾ. ನಾಗಪುರದ ಕಡೆ ಮಾರನೆಯ ದಿನ ಮಕ್ಕಳು ಮರದ ಎತ್ತು ಎಳೆದುಕೊಂಡು ಮನೆಮನೆ ಸುತ್ತುವ ತಾನ್ಹಾ ಪೋಳಾ. ಒಂದೇ ಸೊಸೈಟಿಯಲ್ಲಿ ಕನ್ನಡ ಪಂಚಾಂಗವೂ ಮರಾಠಿ ಪಂಚಾಂಗವೂ ಗೋಡೆಗೆ ತೂಗುವ ಊರುಗಳಿವು, ಅವಕಾಶ ಎರಡು ಪಟ್ಟು. ಎತ್ತನ್ನೇ ಕಾಣದ ಮಗುವಿಗೆ ಎತ್ತಿನ ಋಣ ಹೇಗೆ ಗೊತ್ತಾದೀತು ಎಂದು ಕೇಳುವವರಿದ್ದಾರೆ. ಮಣ್ಣಿನ ಎತ್ತು ಕೈಗೆ ಬಂದ ಕೂಡಲೇ ಮಗು ಕೇಳುವ ಮೊದಲ ಪ್ರಶ್ನೆ, ಇದು ಏನು ತಿನ್ನುತ್ತೆ? ಎರಡನೆಯದು, ಇದಕ್ಕೆ ನೋವಾಗುತ್ತಾ? ಅಲ್ಲಿಂದ ಮುಂದಿನ ದಾರಿ ತಾನೇ ತೆರೆಯುತ್ತದೆ.

ಗಣಪತಿಯ ದಿನಗಳಲ್ಲಿ ಕೆಲಸಕ್ಕೆ ಕೊರತೆಯೇ ಇಲ್ಲ. ಕೆರೆಗಳ ಊರೆಂದು ಹೆಸರಾದ ಠಾಣೆಯಲ್ಲಿ ಮಹಾನಗರಪಾಲಿಕೆ ವಿಸರ್ಜನೆಗೆ ಕೃತಕ ಹೊಂಡಗಳನ್ನು ಮಾಡುತ್ತದೆ, ನಿರ್ಮಾಲ್ಯವನ್ನು ಬೇರೆಯಾಗಿ ಪಡೆದು ಗೊಬ್ಬರಕ್ಕೆ ಕಳಿಸುತ್ತದೆ. ಹೂವಿನಿಂದ ದಾರ, ಪ್ಲಾಸ್ಟಿಕ್ಕು ಬಿಡಿಸಿ ಕೊಡುವ ಕೆಲಸ ಮೂರರ ಮಗುವಿನದು. ಕೆರೆಯಲ್ಲಿ ಮೀನು ಇದೆ, ಅದರ ಬಾಯಿಗೆ ದಾರ ಸಿಕ್ಕಬಾರದು. ಇಷ್ಟು ಕಾರಣ ಅದಕ್ಕೆ ಅರ್ಥವಾಗುತ್ತದೆ.

ದಸರೆಗೆ ಉತ್ತರ ಕರ್ನಾಟಕದವರ ಬನ್ನಿ, ಮರಾಠಿಯವರ ಆಪ್ಟಾ ಎಲೆಯ ಚಿನ್ನ, ಎರಡರದೂ ಒಂದೇ ನಡವಳಿಕೆ: ಎಲೆ ಕೊಟ್ಟು, ಕಾಲು ಮುಟ್ಟಿ, ಒಳ್ಳೆಯ ಮಾತು ಕೇಳಿಸಿಕೊಳ್ಳುವುದು. ಎಳೆಯ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಹಬ್ಬ ಇನ್ನೊಂದಿಲ್ಲ. ಅಜ್ಜ ಅಜ್ಜಿಯರಿಗೆ ಕೊಟ್ಟ ಮೇಲೆ ವಾಚ್‌ಮನ್ ಕಾಕಾ, ಕಸ ಒಯ್ಯುವ ದಾದಾ, ಲಿಫ್ಟ್ ರಿಪೇರಿಯವನು, ಹಾಲಿನವನು, ಎಲ್ಲರಿಗೂ ಒಂದೊಂದು ಎಲೆ. ಮರ ಬೋಳಾಗುವಂತೆ ಮಾರುಕಟ್ಟೆಯ ಕೊಂಬೆ ಕೊಳ್ಳಬೇಕಾಗಿಲ್ಲ, ಅಂಗಳದಲ್ಲಿ ಬಿದ್ದ ಯಾವ ಎಲೆಯಾದರೂ ಮಗುವಿನ ಲೆಕ್ಕದಲ್ಲಿ ಚಿನ್ನವೇ. ದೀಪಾವಳಿಗೆ ಕಟ್ಟಡಗಳ ಕೆಳಗೆ ದೊಡ್ಡ ಹುಡುಗರು ಮಣ್ಣಿನ ಕಿಲ್ಲಾ ಕಟ್ಟುತ್ತಾರೆ, ಶಿವಾಜಿಯನ್ನು ಕೂರಿಸುತ್ತಾರೆ, ಇಳಿಜಾರಿಗೆ ಸಾಸಿವೆಯೋ ಅಳವಿಯೋ ಬಿತ್ತಿ ಹಸಿರು ಬರಿಸುತ್ತಾರೆ. ಚಿಕ್ಕವರು ಹತ್ತಿರ ಬಂದರೆ ಓಡಿಸುವುದು ವಾಡಿಕೆ. ದಿನಕ್ಕೆರಡು ಸಲ ಆ ಬಿತ್ತನೆಗೆ ನೀರು ಚಿಮುಕಿಸುವ ಅಧಿಕಾರವನ್ನು ಅವರಿಗೇ ವಹಿಸಿದರೆ ಕೋಟೆಗೂ ಕ್ಷೇಮ, ಕಟ್ಟಡಕ್ಕೂ ಶಾಂತಿ.

ಚಳಿಗಾಲದ ಮುಖ್ಯ ದಿನ ಸಂಕ್ರಾಂತಿ. ಹಳೆ ಮೈಸೂರಿನವರು ಐದು ವರ್ಷದೊಳಗಿನ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು, ಕಬ್ಬಿನ ಚೂರು, ಕಾಸು ಎರೆಯುತ್ತಾರೆ. ಮಹಾರಾಷ್ಟ್ರದ ಮನೆಗಳಲ್ಲಿ ಅದೇ ಬೋರನ್ಹಾಣ: ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ಯಾವ ದಿನವಾದರೂ ಸರಿ, ಮಗುವಿಗೆ ಕಪ್ಪು ಬಟ್ಟೆ ತೊಡಿಸಿ, ಸಕ್ಕರೆ ಕುಸುರೆಳ್ಳಿನ ಕಿರೀಟ, ಹಾರ ಹಾಕಿ, ಮಣೆಯ ಮೇಲೆ ಕೂರಿಸಿ, ಬೋರೆ ಹಣ್ಣು, ಮಂಡಕ್ಕಿ, ಬತ್ತಾಸು, ಕಬ್ಬಿನ ತುಂಡುಗಳನ್ನು ಸುರಿಯುತ್ತಾರೆ. ಸುತ್ತ ನೆರೆದ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತವೆ. ಋತುವಿನ ಫಲವೆಲ್ಲ ಒಂದು ಮಗುವಿನ ತಲೆಯ ಮೇಲೆ ಬಿದ್ದು ಎಲ್ಲರ ಮಡಿಲಿಗೆ ಹಂಚಿಹೋಗುತ್ತದೆ. ಈಚೆಗೆ ಇದಕ್ಕೂ ಹಾಲ್ ಬುಕ್ಕಿಂಗು, ಫೋಟೋದವನು, ಬೋರೆಯ ಜಾಗದಲ್ಲಿ ಚಾಕಲೇಟು, ಪ್ಲಾಸ್ಟಿಕ್ ಆಟಿಕೆ ಬಂದಿವೆ. ಕ್ಯಾಮೆರಾದ ಕಡೆ ನೋಡು ನೋಡು ಎಂಬ ಗದ್ದಲದಲ್ಲಿ ಕಿರೀಟ ತೊಟ್ಟ ಮಗು ಅಳುತ್ತಿರುತ್ತದೆ. ಸುರಿದು ಮುಗಿದ ಮೇಲೆ ಅದನ್ನು ಮಣೆಯಿಂದ ಇಳಿಸಿ, ತಾನೂ ಆರಿಸಿ, ಬಾರದೆ ಉಳಿದ ಮನೆಗಳಿಗೆ ಒಂದೊಂದು ಮುಷ್ಟಿ ಕೊಟ್ಟು ಬರಲು ಬಿಟ್ಟರೆ ಹಬ್ಬ ಪೂರ್ತಿಯಾದಂತೆ.

ಎಳ್ಳು ಬೆಲ್ಲದ್ದೂ ಹಾಗೇ. ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ, ಬೆಲ್ಲದ ಚೂರು, ಬಿಳಿ ಎಳ್ಳು, ಐದು ಬಟ್ಟಲು ನೆಲದ ಮೇಲಿಟ್ಟು ಪ್ರತಿಯೊಂದರಿಂದ ಒಂದೊಂದು ಚಮಚ ಪೊಟ್ಟಣಕ್ಕೆ ಹಾಕುವ ಕೆಲಸವನ್ನು ಎರಡೂವರೆ ವರ್ಷದ ಮಗು ಅರ್ಧ ಗಂಟೆ ಬೇಸರವಿಲ್ಲದೆ ಮಾಡುತ್ತದೆ. ಯಾರಿಗೆ ಕೊಡೋಣ ಎಂದು ಪ್ರತಿ ಪೊಟ್ಟಣಕ್ಕೂ ಕೇಳಬೇಕು. ಮಗು ಹೇಳುವ ಹೆಸರುಗಳನ್ನು ಕೇಳಿ ಮನೆಯವರು ಬೆರಗಾಗುತ್ತಾರೆ. ಅದರ ಲೋಕದಲ್ಲಿ ಗೇಟಿನ ಬೆಕ್ಕಿಗೂ ಒಂದು ಪಾಲಿದೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು: ನಾಲ್ಕು ವರ್ಷದೊಳಗಿನವರ ಬಾಯಿಗೆ ಇಡೀ ಕಡಲೆಕಾಯಿ ಬೀಜ, ಗಟ್ಟಿ ಸಕ್ಕರೆ ಅಚ್ಚು, ಬೀಜವಿರುವ ಬೋರೆ ಹಣ್ಣು ಕೊಡಬಾರದು, ಉಸಿರುನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಹಂಚಲು ಅಡ್ಡಿಯಿಲ್ಲ, ತಿನ್ನುವಾಗ ದೊಡ್ಡವರು ಪಕ್ಕದಲ್ಲಿರಬೇಕು.

ಇಷ್ಟರಲ್ಲಿ ಠಾಣೆ ಖಾಡಿಗೆ ರಾಜಹಂಸಗಳು ಬಂದಿರುತ್ತವೆ. ನವೆಂಬರ್ ಹೊತ್ತಿಗೆ ಇಳಿಯತೊಡಗಿ ಮೇ ತನಕ ಐರೋಲಿ, ನೆರೂಳದ ಕೆಸರಿನಲ್ಲಿ ಗುಲಾಬಿ ಹಾಸು ಹಾಸುವ ಈ ಹಕ್ಕಿಗಳಿಗಾಗಿ 2015ರಲ್ಲಿ ಖಾಡಿಯ ಒಂದು ಭಾಗ ಅಭಯಾರಣ್ಯವಾಯಿತು, 2022ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಇವುಗಳ ಗುಲಾಬಿ ಬಣ್ಣ ಬರುವುದು ತಿನ್ನುವ ಪಾಚಿ, ಸಣ್ಣ ಸಿಗಡಿಗಳಿಂದ ಎಂದರೆ ಮಕ್ಕಳಿಗೆ ಬಲು ಮೋಜು. ನವಿ ಮುಂಬಯಿಯ ಮಕ್ಕಳಿಗೆ ಇಲ್ಲಿ ಸಿಗುವ ಪಾಠ ಉಳಿದವುಗಳಿಗಿಂತ ಬೇರೆ ಜಾತಿಯದು. ಇಲ್ಲಿ ಕೊಡುವಂಥದ್ದು ಏನೂ ಇಲ್ಲ. ಕಲ್ಲೆಸೆಯದೆ, ಕೂಗದೆ, ಬಿಸ್ಕತ್ತು ಚೆಲ್ಲದೆ, ದೂರದಿಂದ ನೋಡಿ ಬರಬೇಕು. ಮುಟ್ಟದೆ ಇರುವುದೂ ಕರುಣೆಯೇ ಎಂಬುದು ದೊಡ್ಡವರ ತಲೆಗೂ ತಡವಾಗಿ ಹೋಗುವ ಸಂಗತಿ.

ಬೇಸಿಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ಯಾಲರಿಯಲ್ಲಿ ಗುಬ್ಬಿಗೆ ಮಣ್ಣಿನ ತಟ್ಟೆಯ ನೀರು, ದಿನವೂ ತೊಳೆದು ತುಂಬುವ ಹೊಣೆ ಮಗುವಿನದು. ರಾಮನವಮಿಗೆ ಪಾನಕ, ಕೋಸಂಬರಿ. ಕೊರಿಯರಿನವನು ನಾಲ್ಕು ಮಾಳಿಗೆ ಹತ್ತಿ ಬಂದಾಗ ಒಂದು ಲೋಟ ನೀರನ್ನು, ಅರ್ಧ ಚೆಲ್ಲಿಕೊಂಡಾದರೂ, ಮಗುವೇ ತಂದುಕೊಡಲಿ.

ಇನ್ನು ಒಂದು ವಿಷಯದಲ್ಲಿ ಸ್ವಲ್ಪ ನಿಷ್ಠುರವಾಗಬೇಕು. ಹುಟ್ಟುಹಬ್ಬದ ದಿನ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಸಿಗ್ನಲ್‌ನಲ್ಲಿ ಹೂ ಮಾರುವ ಮಕ್ಕಳಿಗೆ ಬಿಸ್ಕತ್ತು ಕೊಡಿಸಿ, ಫೋಟೋ ತೆಗೆಸಿಕೊಂಡು ಬರುವುದನ್ನು ಕೆಲವರು ಸಂಸ್ಕಾರ ಎನ್ನುತ್ತಾರೆ. ಮೂರು ವರ್ಷದ ಮಗು ಅದರಿಂದ ಕಲಿಯುವುದು ತಾನು ಮೇಲಿದ್ದೇನೆ ಎಂಬುದನ್ನು. ಠಾಣೆಯ ತೀನ್ ಹಾತ್ ನಾಕಾದ ಮೇಲ್ಸೇತುವೆಯ ಕೆಳಗೆ 2016ರ ಜೂನ್‌ನಲ್ಲಿ ಸಮರ್ಥ ಭಾರತ ವ್ಯಾಸಪೀಠ ಮತ್ತು ಮಹಾನಗರಪಾಲಿಕೆ ಸೇರಿ ಕಂಟೈನರ್ ಒಂದರಲ್ಲಿ ಸಿಗ್ನಲ್ ಶಾಲೆ ತೆರೆದವು. ಸಿಗ್ನಲ್‌ನಲ್ಲಿ ಗಜರೆ, ಬಾವುಟ, ಆಟಿಕೆ ಮಾರಿ ಬದುಕುವ, ಮರಾಠವಾಡದ ಬರ ಓಡಿಸಿದ ಕುಟುಂಬಗಳ ಮಕ್ಕಳಿಗಾಗಿ ತೆರೆದ ಶಾಲೆ ಅದು. ಆ ಮಕ್ಕಳಿಗೆ ಬೇಕಾದದ್ದು ಪಾಠ, ಸ್ನಾನ, ಊಟ, ಆಟದ ಜೊತೆಗಾರರು. ನಮ್ಮ ಮಕ್ಕಳ ಸದ್ಗುಣಕ್ಕೆ ಅವರು ಸಾಧನವಾಗುವ ಅಗತ್ಯವಿಲ್ಲ.

ಅದೇ 2016ರಲ್ಲಿ, ಇದೇ ಠಾಣೆ ಜಿಲ್ಲೆಯ ಮುರಬಾಡ ತಾಲೂಕಿನ ಫಾಂಗಣೆ ಎಂಬ ಹಳ್ಳಿಯಲ್ಲಿ ಇನ್ನೊಂದು ಶಾಲೆ ಹುಟ್ಟಿತು. ಮಾರ್ಚ್ 8ರಂದು, ಮಹಿಳಾ ದಿನದಂದು, ಶಿಕ್ಷಕ ಯೋಗೇಂದ್ರ ಬಾಂಗರ್ ಅರವತ್ತು ದಾಟಿದ ಅಜ್ಜಿಯರಿಗಾಗಿ ಆಜೀಬಾಯಿಚಿ ಶಾಳಾ ಆರಂಭಿಸಿದರು. ಗುಲಾಬಿ ಸೀರೆಯ ಸಮವಸ್ತ್ರ, ಬೆನ್ನಿಗೆ ಚೀಲ, ಕೈಯಲ್ಲಿ ಸ್ಲೇಟು. ಮನೆಯಲ್ಲಿ ಅಜ್ಜಿಯ ಅಕ್ಷರ ತಿದ್ದಿಸುವವರು ಮೊಮ್ಮಕ್ಕಳು. ಕಥೆ ಹೇಳಿ, ತುತ್ತು ಉಣಿಸಿ ಬೆಳೆಸಿದವಳಿಗೆ ಮಗು ತಾನು ಕಲಿತದ್ದನ್ನು ಹಿಂತಿರುಗಿಸುವ ಬಗೆ ಇದು. ಊರಿನಿಂದ ಮೂರು ತಿಂಗಳಿಗೆಂದು ಡೊಂಬಿವಲಿಗೆ ಬರುವ ನಮ್ಮ ಅಜ್ಜಿಯರಿಗೂ ಮೊಮ್ಮಕ್ಕಳು ಕಲಿಸಿಕೊಡಬಹುದಾದ್ದು ಬೇಕಾದಷ್ಟಿದೆ, ಲಿಫ್ಟಿನ ಗುಂಡಿ ಒತ್ತುವುದರಿಂದ ಹಿಡಿದು.

ಡೊಂಬಿವಲಿ ಕರ್ನಾಟಕ ಸಂಘ, ನವಿ ಮುಂಬಯಿ ಕನ್ನಡ ಸಂಘ ಮೊದಲಾದ ನಮ್ಮ ಸಂಸ್ಥೆಗಳವರಲ್ಲಿ ಒಂದು ವಿನಂತಿಯಿದೆ. ಹಬ್ಬದ ಕಾರ್ಯಕ್ರಮಗಳಲ್ಲಿ ಪುಟ್ಟ ಮಕ್ಕಳಿಗೆಂದು ಸಾಮಾನ್ಯವಾಗಿ ಇರುವುದು ಛದ್ಮವೇಷ ಸ್ಪರ್ಧೆ. ಮೂರು ಮಕ್ಕಳಿಗೆ ಬಹುಮಾನ, ಉಳಿದವರಿಗೆ ಅಳು. ಬರುವ ಸಂಕ್ರಾಂತಿಗೆ ಅದರಲ್ಲಿ ಅರ್ಧ ಗಂಟೆ ಬಿಟ್ಟುಕೊಡಿ. ಸಭಾಂಗಣದ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಎಳ್ಳು ಬೆಲ್ಲದ ಬಟ್ಟಲುಗಳನ್ನು ಮಕ್ಕಳ ಎತ್ತರಕ್ಕೆ ಇಡಿ. ಪೊಟ್ಟಣ ಅವರೇ ಕಟ್ಟಲಿ, ಬಾಗಿಲಲ್ಲಿ ನಿಂತು ಅವರೇ ಕೊಡಲಿ. ಧನ್ಯವಾದವನ್ನು ಆ ಹೊತ್ತಿಗೆ ನಾವು ದೊಡ್ಡವರು ಹೇಳೋಣ.